ಟೆಂಟ್ ಸುತ್ತ ಉಪ್ಪು ಸುರಿದರೆ ಹಾವು ಬರುವುದಿಲ್ಲವೇ? ಮಕ್ಕಳೊಂದಿಗೆ ಕ್ಯಾಂಪಿಂಗ್ ಹೋಗುವ ಮುನ್ನ ನೋಡಬೇಕಾದ್ದು ಬೇರೆಯೇ ಇದೆ

ಮಕ್ಕಳ ಪರೀಕ್ಷೆ ಮುಗಿಯುತ್ತಿದ್ದಂತೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಎರಡು ಬಗೆಯ ಫಾರ್ವರ್ಡ್‌ಗಳು ಓಡಾಡಲು ಶುರುವಾಗುತ್ತವೆ. ಒಂದು, ಹೊಳೆ ದಂಡೆಯಲ್ಲಿ ಸಾಲಾಗಿ ಹಾಕಿದ ಬಣ್ಣಬಣ್ಣದ ಟೆಂಟ್‌ಗಳ ಫೋಟೊ. ಕೆಳಗೆ ತಲೆಗೆ ಇಷ್ಟು ರೂಪಾಯಿ, ಊಟ, ತಿಂಡಿ, ಕ್ಯಾಂಪ್‌ಫೈರ್ ಎಲ್ಲ ಸೇರಿ ಎಂಬ ಬರಹ. ಇನ್ನೊಂದು, ಟೆಂಟ್‌ನಲ್ಲಿ ಮಲಗುವವರಿಗೆ ಹಿರಿಯರ ಹೆಸರಲ್ಲಿ ಬರುವ ಟಿಪ್ಸ್. ಸುತ್ತಲೂ ಕಲ್ಲುಪ್ಪು ಸುರಿದರೆ ಹಾವು ದಾಟುವುದಿಲ್ಲ, ಬೆಳ್ಳುಳ್ಳಿ ಜಜ್ಜಿ ಇಟ್ಟರೆ ಹತ್ತಿರವೂ ಸುಳಿಯುವುದಿಲ್ಲ, ಕರ್ಪೂರ ಇಟ್ಟರೆ ಸೊಳ್ಳೆ ಇಲ್ಲ, ಗುಡುಗು ಬಂದರೆ ಮೊಬೈಲ್ ಆಫ್ ಮಾಡಿ, ಇತ್ಯಾದಿ.

ಈ ಎರಡನೆಯದು ನಿಜವೇ ಎಂದು ತಿಳಿದುಕೊಳ್ಳುವ ಕುತೂಹಲ ಹಲವರಿಗೆ ಇರುತ್ತದೆ. ನಾವೂ ಅದರಿಂದಲೇ ಶುರು ಮಾಡುತ್ತೇವೆ. ಆದರೆ ಮೊದಲೇ ಒಂದು ಮಾತು. ಈ ಎರಡು ಫಾರ್ವರ್ಡ್‌ಗಳಲ್ಲಿ ನಿಮ್ಮ ಮಕ್ಕಳಿಗೆ ಹೆಚ್ಚು ಅಪಾಯ ತರಬಲ್ಲದ್ದು ಉಪ್ಪಿನ ಟಿಪ್ಸ್ ಅಲ್ಲ, ಆ ಚೆಂದದ ಫೋಟೊ. ಕ್ಯಾಂಪಿಂಗ್‌ನಲ್ಲಿ ಸುರಕ್ಷತೆಯ ಮುಕ್ಕಾಲು ಪಾಲು ತೀರ್ಮಾನವಾಗುವುದು ಬ್ಯಾಗಿನಲ್ಲಿ ಏನಿದೆ ಎಂಬುದರಿಂದಲ್ಲ, ಟೆಂಟ್ ಎಲ್ಲಿದೆ ಎಂಬುದರಿಂದ.

ಉಪ್ಪಿನ ಗೆರೆ ದಾಟುವ ಹಾವು

ಉಪ್ಪಿಗೆ ಹಾವು ಹೆದರುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತು? ನಮ್ಮ ಊಹೆ, ಇಂಬಳದಿಂದ. ಮಲೆನಾಡಿನಲ್ಲಿ ಓಡಾಡಿದವರಿಗೆ ಗೊತ್ತು, ಕಾಲಿಗೆ ಕಚ್ಚಿದ ಇಂಬಳದ ಮೇಲೆ ಚಿಟಿಕೆ ಉಪ್ಪು ಹಾಕಿದರೆ ಅದು ಮುದುಡಿ ಬೀಳುತ್ತದೆ. ಇಂಬಳದ ಮೈ ತೇವದ, ತೆಳ್ಳನೆಯ ಚರ್ಮ. ಉಪ್ಪು ಆ ಚರ್ಮದ ಮೂಲಕ ಒಳಗಿನ ನೀರನ್ನು ಹೊರಗೆಳೆಯುತ್ತದೆ. ಅಲ್ಲಿ ಉಪ್ಪು ಕೆಲಸ ಮಾಡುವುದು ನಿಜ.

ಹಾವಿನ ಮೈ ಹಾಗಲ್ಲ. ಅದು ಒಣ ಚರ್ಮ, ಮೇಲೆ ಹುರುಪೆ. ನಮ್ಮ ಉಗುರು, ಕೂದಲು ಯಾವ ಕೆರಾಟಿನ್‌ನಿಂದ ಆಗಿವೆಯೋ ಆ ಹುರುಪೆಗಳೂ ಅದರಿಂದಲೇ ಆಗಿವೆ. ನಿಮ್ಮ ಉಗುರಿನ ಮೇಲೆ ಉಪ್ಪು ಉದುರಿಸಿ ನೋಡಿ, ಏನಾದರೂ ಆಗುತ್ತದೆಯೇ? ಹಾವಿಗೂ ಅಷ್ಟೇ. ಕಲ್ಲುಪ್ಪಿನ ಗೆರೆಯನ್ನು ಅದು ಮರಳಿನ ಗೆರೆಯಂತೆ ದಾಟಿ ಹೋಗುತ್ತದೆ. ರಾತ್ರಿಯ ಇಬ್ಬನಿಗೆ ಆ ಗೆರೆಯೂ ಬೆಳಿಗ್ಗೆವರೆಗೆ ಉಳಿದಿರುವುದಿಲ್ಲ ಎಂಬುದು ಬೇರೆ ಮಾತು. ಬೆಳ್ಳುಳ್ಳಿಯ ವಾಸನೆಯನ್ನೂ ನೆಚ್ಚಿಕೊಳ್ಳುವಂತಿಲ್ಲ. ಕಾರ್ಬಾಲಿಕ್ ಆಸಿಡ್ ಸುರಿಯುವ ಕ್ಯಾಂಪ್‌ಗಳೂ ಇವೆ. ಅದು ಹಾವನ್ನು ಖಚಿತವಾಗಿ ದೂರ ಇಡುವುದಿಲ್ಲ, ಆದರೆ ಬರಿಗಾಲಲ್ಲಿ ಓಡಾಡುವ ಮಗುವಿನ ಚರ್ಮವನ್ನು ಸುಡುವುದು ಖಚಿತ.

ಹಾಗಾದರೆ ಹಾವಿನ ವಿಷಯವನ್ನು ತಲೆಗೆ ಹಚ್ಚಿಕೊಳ್ಳಬೇಕಿಲ್ಲವೇ? ಬೇಕು. 2000ದಿಂದ 2019ರವರೆಗಿನ ಅವಧಿಯನ್ನು ಲೆಕ್ಕ ಹಾಕಿದ ಅಧ್ಯಯನವೊಂದರ ಪ್ರಕಾರ ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸಾಯುತ್ತಾರೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ರೋಗಗಳ ಪಟ್ಟಿಗೆ ಸೇರಿಸಿತು. ಅಂದರೆ ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು.

ನೆಲದ ಮೇಲೆ ಮಲಗುವವರಿಗೆ ಮುಖ್ಯವಾಗಿ ಗೊತ್ತಿರಬೇಕಾದ್ದು ಕಟ್ಟುಹಾವು. ಕೆಲವು ಕಡೆ ಇದನ್ನು ಕಡಂಬಳ ಅನ್ನುತ್ತಾರೆ. ಕಪ್ಪು ಮೈ, ತೆಳ್ಳನೆಯ ಬಿಳಿ ಪಟ್ಟಿಗಳು. ಹಗಲು ಅಡಗಿದ್ದು ರಾತ್ರಿ ಓಡಾಡುತ್ತದೆ. ಮಲಗಿದವರ ಹಾಸಿಗೆಯೊಳಗೆ ಸೇರಿಕೊಂಡು, ಮಗ್ಗುಲು ಬದಲಿಸಿದಾಗ ಕಚ್ಚುತ್ತದೆ. ಕಚ್ಚಿದ್ದು ಬಹಳ ಸಲ ಗೊತ್ತಾಗುವುದೇ ಇಲ್ಲ. ನೋವಿಲ್ಲ, ಊತವಿಲ್ಲ, ಗುರುತು ಸೊಳ್ಳೆ ಕಚ್ಚಿದಷ್ಟು. ಕೆಲವು ಗಂಟೆಗಳ ನಂತರ ಹೊಟ್ಟೆನೋವು, ಕಣ್ಣುರೆಪ್ಪೆ ಜೋತು ಬೀಳುವುದು, ನುಂಗಲು ಕಷ್ಟವಾಗುವುದು, ಆಮೇಲೆ ಉಸಿರಾಟದ ತೊಂದರೆ. ಹೊರಗೆ ಮಲಗಿದ ಮಗು ಬೆಳಗಿನ ಜಾವ ಹೊಟ್ಟೆನೋವು ಅಂದು, ಕಣ್ಣು ಬಿಡಲು ಕಷ್ಟಪಟ್ಟರೆ ಅಜೀರ್ಣ ಎಂದುಕೊಂಡು ಓಮದ ನೀರು ಕುಡಿಸುತ್ತಾ ಕೂರಬೇಡಿ. ನೇರ ಆಸ್ಪತ್ರೆಗೆ ಹೊರಡಿ.

ಇದಕ್ಕೆ ತಡೆ ಉಪ್ಪಲ್ಲ, ಬಟ್ಟೆ. ನೇಪಾಳದ ತಗ್ಗು ಪ್ರದೇಶದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೊಳ್ಳೆಪರದೆಯೊಳಗೆ ಮಲಗುವವರಿಗೆ ಹಾವು ಕಡಿತದಿಂದ ಒಳ್ಳೆಯ ರಕ್ಷಣೆ ಸಿಗುತ್ತದೆ ಎಂದು ತೋರಿಸಿತು. ಟೆಂಟ್‌ಗೂ ಇದೇ ತರ್ಕ. ನೆಲಹಾಸು ಗೋಡೆಗೆ ಸೇರಿಸಿ ಹೊಲಿದಿರಬೇಕು, ಜಿಪ್ ಪೂರ್ತಿ ಮುಚ್ಚಬೇಕು. ಅಗ್ಗದ ಕ್ಯಾಂಪ್‌ಗಳಲ್ಲಿ ಜಿಪ್ ಕೊನೆಯ ನಾಲ್ಕು ಬೆರಳು ಮುಚ್ಚುವುದೇ ಇಲ್ಲ. ಇಡೀ ಕ್ಯಾಂಪಿನಲ್ಲಿ ನೀವು ಕೈಯಾರೆ ಪರೀಕ್ಷಿಸಬೇಕಾದ ಒಂದು ವಸ್ತು ಇದ್ದರೆ ಅದು ಆ ಜಿಪ್. ಉಳಿದದ್ದೆಲ್ಲ ಜಾಗಕ್ಕೆ ಸಂಬಂಧಪಟ್ಟದ್ದು. ಟೆಂಟ್ ಪಕ್ಕ ಸೌದೆ ರಾಶಿ, ಕಲ್ಲುಗುಪ್ಪೆ, ಹುತ್ತ, ಅನ್ನ ಚೆಲ್ಲುವ ತಿಪ್ಪೆ ಇದ್ದರೆ ಇಲಿ ಇರುತ್ತದೆ, ಇಲಿ ಇದ್ದಲ್ಲಿ ಹಾವು ಇರುತ್ತದೆ.

ಕಚ್ಚಿದರೆ ಏನು ಮಾಡಬಾರದು ಎಂಬುದೂ ಫಾರ್ವರ್ಡ್‌ಗಳಲ್ಲಿ ಉಲ್ಟಾ ಬರುತ್ತದೆ. ಬಿಗಿಯಾಗಿ ಹಗ್ಗ ಕಟ್ಟಬೇಡಿ, ಬ್ಲೇಡಿನಿಂದ ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಾಲ್ಗೆಜ್ಜೆ, ಬಳೆ, ಉಂಗುರ ತೆಗೆಯಿರಿ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟುಕೊಂಡು ಆಸ್ಪತ್ರೆಗೆ ಒಯ್ಯಿರಿ. ಹಾವನ್ನು ಹಿಡಿದು ತರುವ ಸಾಹಸ ಬೇಡ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ.

ಫೋಟೊದಲ್ಲಿ ಚೆಂದ ಕಾಣುವ ಹೊಳೆ ದಂಡೆ

ಈಗ ಆ ಫೋಟೊಗೆ ಬರೋಣ. ನೀರಿನಿಂದ ಹತ್ತು ಹೆಜ್ಜೆ ದೂರದಲ್ಲಿ ಟೆಂಟ್. ಬಾಗಿಲು ತೆರೆದರೆ ಹೊಳೆ. ಮಕ್ಕಳು ಮೊಣಕಾಲು ನೀರಲ್ಲಿ ಆಡುತ್ತಿದ್ದಾರೆ. ಬೇಸಿಗೆಯಲ್ಲಿ ಇದಕ್ಕಿಂತ ಸುಖ ಇನ್ನೇನಿದೆ ಅನ್ನಿಸುವುದು ಸಹಜ.

ಬೇಸಿಗೆಯಲ್ಲಿ ಹೊಳೆ ಬತ್ತಿರುತ್ತದೆ, ಹಾಗಾಗಿ ಭಯವಿಲ್ಲ ಎಂಬುದು ನಮ್ಮಲ್ಲಿ ಬೇರೂರಿದ ತಪ್ಪು ಕಲ್ಪನೆ. ಇದನ್ನು ಯಾರೂ ಫಾರ್ವರ್ಡ್ ಮಾಡಬೇಕಿಲ್ಲ, ಕಣ್ಣೇ ಹೇಳುತ್ತದೆ. ಆದರೆ ನಮ್ಮ ದೊಡ್ಡ ನದಿಗಳಲ್ಲಿ ಬೇಸಿಗೆಯ ನೀರನ್ನು ತೀರ್ಮಾನಿಸುವುದು ಮೋಡಕ್ಕಿಂತ ಹೆಚ್ಚಾಗಿ ಮೇಲೆ ಇರುವ ಅಣೆಕಟ್ಟು.

ದಾಂಡೇಲಿಯನ್ನೇ ತೆಗೆದುಕೊಳ್ಳಿ. ಕಾಳಿ ನದಿಯಲ್ಲಿ ಬಿರುಬೇಸಿಗೆಯಲ್ಲೂ ರಾಫ್ಟಿಂಗ್ ನಡೆಯುತ್ತದೆ. ಸುತ್ತ ಗುಡ್ಡವೆಲ್ಲ ಒಣಗಿದ್ದಾಗ ನದಿಗೆ ಆ ಸೆಳೆತ ಎಲ್ಲಿಂದ ಬಂತು? ಗಣೇಶಗುಡಿಯ ಬಳಿಯ ಸೂಪಾ ಅಣೆಕಟ್ಟಿನಿಂದ. ವಿದ್ಯುತ್ ಉತ್ಪಾದಿಸಲು ನೀರು ಬಿಟ್ಟಾಗ ನದಿ ತುಂಬುತ್ತದೆ, ನಿಲ್ಲಿಸಿದಾಗ ಬಂಡೆಗಳು ಮೇಲೇಳುತ್ತವೆ. ಅಲ್ಲಿ ಹುಟ್ಟಿ ಬೆಳೆದವರಿಗೆ, ರಾಫ್ಟಿಂಗ್ ಮಾಡಿಸುವವರಿಗೆ ಈ ಹೊತ್ತು ಗೊತ್ತು. ವಾರಾಂತ್ಯಕ್ಕೆ ಬಂದಿಳಿದ ನಿಮಗೆ ಗೊತ್ತಿಲ್ಲ. ಶರಾವತಿಯಲ್ಲೂ ಹೀಗೆಯೇ, ಜಲವಿದ್ಯುತ್ ಘಟಕವಿರುವ ಯಾವುದೇ ನದಿಯ ಕೆಳಭಾಗದಲ್ಲೂ ಹೀಗೆಯೇ. ಕರೆಂಟಿನ ಬೇಡಿಕೆ ಸಂಜೆ ಏರುತ್ತದೆ. ಮಕ್ಕಳು ಬಿಸಿಲು ಇಳಿದ ಮೇಲೆ ನೀರಿಗಿಳಿಯುವುದೂ ಸಂಜೆಯೇ.

2014ರ ಜೂನ್ 8ರ ಸಂಜೆ ಹಿಮಾಚಲ ಪ್ರದೇಶದ ಮಂಡಿ ಜಿಲ್ಲೆಯಲ್ಲಿ ನಡೆದದ್ದು ಇದೇ. ಹೈದರಾಬಾದಿನಿಂದ ಪ್ರವಾಸ ಬಂದಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಬಿಯಾಸ್ ನದಿಯ ಪಾತ್ರದಲ್ಲಿ ಬಂಡೆಗಳ ಮೇಲೆ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದರು. ಮೇಲಿನ ಲಾರ್ಜಿ ಜಲವಿದ್ಯುತ್ ಯೋಜನೆಯಿಂದ ನೀರು ಬಿಡಲಾಯಿತು. 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಅದರ ವಿಡಿಯೊ ಆಗ ದೇಶದ ಎಲ್ಲ ಫೋನ್‌ಗಳಿಗೂ ಬಂದಿತ್ತು. ನೋಡಿದವರಿಗೆ ನೆನಪಿರಬಹುದು, ಮಳೆ ಇರಲಿಲ್ಲ. ನೀರು ಕಾಲ ಬಳಿಗೆ ಬಂದಾಗಲೂ ಅದು ಇಷ್ಟಕ್ಕೇ ನಿಲ್ಲುತ್ತದೆ ಎಂದೇ ಅನ್ನಿಸುವಂತಿತ್ತು.

ಮೊಣಕಾಲುದ್ದದ ನೀರು ಏನು ಮಾಡೀತು ಎಂದು ಕೇಳುವವರಿಗೆ ಒಂದು ಸಣ್ಣ ಲೆಕ್ಕ. ಹರಿಯುವ ನೀರು ನಮ್ಮ ಕಾಲನ್ನು ತಳ್ಳುವ ಬಲ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸೆಳೆತ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ವೇಗವಾಗಿ ಹರಿಯುವ ಬರೀ 15 ಸೆಂಟಿಮೀಟರ್ ನೀರು, ಅಂದರೆ ಒಂದು ಗೇಣಿಗಿಂತ ಕಡಿಮೆ, ದೊಡ್ಡವರನ್ನೇ ಬೀಳಿಸಬಲ್ಲದು. ಪಾಚಿಗಟ್ಟಿದ ಬಂಡೆಯ ಮೇಲೆ ನಿಂತ ಏಳು ವರ್ಷದ ಮಗುವಿಗೆ ಅದರ ಅರ್ಧ ಸಾಕು. ಈಜು ಬಂದರೂ ಪ್ರಯೋಜನ ಕಡಿಮೆ. ಸ್ವಿಮ್ಮಿಂಗ್ ಪೂಲ್‌ನ ನಿಂತ ನೀರಿನಲ್ಲಿ ಕಲಿತ ಈಜಿಗೂ ಬಂಡೆಗಳ ನಡುವೆ ಸುಳಿಯುವ ಹೊಳೆಗೂ ಸಂಬಂಧ ಇಲ್ಲ. ಮುತ್ತತ್ತಿ, ಸಂಗಮ, ಮೇಕೆದಾಟು ಕಡೆ ಕಾವೇರಿ ಮೇಲೆ ಎಷ್ಟು ಶಾಂತವಾಗಿ ಕಾಣುತ್ತದೋ ಕೆಳಗೆ ಅಷ್ಟೇ ಗುಂಡಿ, ಸುಳಿ. ನೀರಿನ ಮೇಲ್ಮೈ ನೋಡಿ ಆಳ ಹೇಳಬಲ್ಲವರು ಅಲ್ಲಿನ ಅಂಬಿಗರೂ ಇಲ್ಲ.

ಮಲೆನಾಡಿನ ಸಣ್ಣ ಹಳ್ಳಗಳಿಗೆ ಅಣೆಕಟ್ಟಿಲ್ಲ. ಅಲ್ಲಿ ಆಗುವುದು ಇನ್ನೊಂದು. ನಿಮ್ಮ ತಲೆಯ ಮೇಲೆ ಬಿಸಿಲಿರುತ್ತದೆ. ಹತ್ತು ಕಿಲೋಮೀಟರ್ ಮೇಲೆ ಘಟ್ಟದಲ್ಲಿ ಮಳೆ ಹೊಡೆದಿರುತ್ತದೆ. ಆ ನೀರು ಸ್ವಲ್ಪ ಹೊತ್ತಿನ ಮೇಲೆ ನಿಮ್ಮ ಬಳಿಗೆ ಬರುತ್ತದೆ. ಬರುವ ಮುನ್ನ ಸುಳಿವು ಕೊಡುತ್ತದೆ. ತಿಳಿಯಾಗಿದ್ದ ನೀರು ರಾಡಿಯಾಗುತ್ತದೆ, ಒಣ ಎಲೆ ಮತ್ತು ಕಡ್ಡಿ ತೇಲಿ ಬರುತ್ತವೆ, ನೀರಿನ ಸದ್ದು ದಪ್ಪವಾಗುತ್ತದೆ. ಈ ಮೂರರಲ್ಲಿ ಒಂದು ಕಂಡರೂ ಮಕ್ಕಳನ್ನು ಎಬ್ಬಿಸಿಕೊಂಡು ದಿಬ್ಬದ ಕಡೆ ನಡೆಯಬೇಕು. ಟೆಂಟ್, ಚಪ್ಪಲಿ, ಕುಕ್ಕರ್ ಆಮೇಲೆ.

ಆದರೆ ರಾತ್ರಿ ಎರಡು ಗಂಟೆಗೆ ನಿದ್ದೆಯಲ್ಲಿರುವವರಿಗೆ ಈ ಸುಳಿವು ಕಾಣುವುದಿಲ್ಲ. ಅದಕ್ಕೇ ಜಾಗ ಆರಿಸುವಾಗಲೇ ನೋಡಬೇಕಾದ ಗುರುತೊಂದಿದೆ. ದಂಡೆಯ ಪೊದೆ, ಮರದ ಕೊಂಬೆಗಳನ್ನು ಗಮನಿಸಿ. ಒಣಹುಲ್ಲು, ಹಳೆಯ ಪ್ಲಾಸ್ಟಿಕ್ ಕವರ್, ಹರಿದ ಬಟ್ಟೆ ಒಂದೇ ಎತ್ತರದಲ್ಲಿ ಸಿಕ್ಕಿಹಾಕಿಕೊಂಡಿರುವುದು ಕಾಣುತ್ತದೆ. ಅದನ್ನು ಯಾರೂ ಕಟ್ಟಿದ್ದಲ್ಲ, ಹಿಂದೊಮ್ಮೆ ನೀರು ಬಂದಿದ್ದ ಎತ್ತರ ಅದು. ನಿಮ್ಮ ಟೆಂಟ್ ಆ ಗೆರೆಗಿಂತ ಕೆಳಗಿದ್ದರೆ ನೀವು ಹೊಳೆಯ ಪಕ್ಕದಲ್ಲಿ ಮಲಗಿಲ್ಲ, ಹೊಳೆಯ ಒಳಗೆ ಮಲಗಿದ್ದೀರಿ. ಮರಳಿನ ದಿಣ್ಣೆ, ನಡುಗಡ್ಡೆಗಳ ಮೇಲೆ ಟೆಂಟ್ ಹಾಕಿಸುವವರು ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ ಅನ್ನಿ. ಆ ಮರಳನ್ನು ಅಲ್ಲಿಗೆ ತಂದದ್ದೂ ನೀರೇ ತಾನೆ.

ಹೊಳೆ ಬೇಡವೇ ಬೇಡ ಎಂದು ನಾವು ಹೇಳುತ್ತಿಲ್ಲ. ಟೆಂಟ್ ಎತ್ತರದಲ್ಲಿರಲಿ, ಹೊಳೆಗೆ ಹೋಗಲು ಐದು ನಿಮಿಷ ನಡೆಯುವಂತಿರಲಿ. ಆ ಐದು ನಿಮಿಷದ ದೂರಕ್ಕೆ ಇನ್ನೊಂದು ಲಾಭವೂ ಇದೆ. ನೀವು ಚಹಾ ಹೀರುತ್ತಾ ಮಾತಿನಲ್ಲಿ ಮುಳುಗಿದ್ದಾಗ ಚಿಕ್ಕದೊಂದು ಮಗು ಒಂಟಿಯಾಗಿ ನೀರಿಗೆ ಇಳಿಯಲಾರದು.

‘ಬೇಸಿಗೆಯಲ್ಲಿ ಮಳೆ ಎಲ್ಲಿ ಬರುತ್ತೆ?’

ಈ ಪ್ರಶ್ನೆಯನ್ನು ಯಾವುದಾದರೂ ರೈತರಿಗೆ ಕೇಳಿ, ನಗುತ್ತಾರೆ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಏಪ್ರಿಲ್ ಮಧ್ಯದಿಂದ ಜೂನ್ ಮೊದಲ ವಾರದವರೆಗಿನ ಮಳೆಗಳಿಗೆ ಅವರು ಹೆಸರನ್ನೇ ಇಟ್ಟಿದ್ದಾರೆ. ಹವಾಮಾನ ಇಲಾಖೆ ಇದನ್ನೇ ಮುಂಗಾರು ಪೂರ್ವ ಮಳೆ ಅನ್ನುತ್ತದೆ. ಹಗಲೆಲ್ಲ ಕಾದ ನೆಲದಿಂದ ಮೇಲೇರಿದ ಬಿಸಿಗಾಳಿ ಮಧ್ಯಾಹ್ನದ ಹೊತ್ತಿಗೆ ದೊಡ್ಡ ಮೋಡಗಳನ್ನು ಕಟ್ಟುತ್ತದೆ. ಸಂಜೆ ಗಾಳಿ, ಗುಡುಗು, ಸಿಡಿಲು, ಒಮ್ಮೊಮ್ಮೆ ಆಲಿಕಲ್ಲು. ಜುಲೈನ ಜಿಟಿಜಿಟಿ ಮಳೆಗಿಂತ ಈ ಮಳೆಯಲ್ಲಿ ಸಿಡಿಲಿನ ಕಾಟ ಹೆಚ್ಚು.

ಮೊಬೈಲ್ ಆಫ್ ಮಾಡಿದರೆ ಸಿಡಿಲು ಬಡಿಯುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲ. ಕೈಯಲ್ಲಿರುವ ಫೋನ್ ಸಿಡಿಲನ್ನು ಎಳೆಯುವುದಿಲ್ಲ. ಚಾರ್ಜರ್‌ಗೆ ಹಾಕಿ ಹಿಡಿದುಕೊಂಡಿದ್ದರೆ ತಂತಿಯ ಮೂಲಕ ಅಪಾಯ ಬರಬಹುದು, ಅಷ್ಟೇ. ಟೆಂಟ್ ಮಾತ್ರ ಸಿಡಿಲಿನಿಂದ ಕಿಂಚಿತ್ತೂ ರಕ್ಷಣೆ ಕೊಡುವುದಿಲ್ಲ. ಒಂಟಿ ಮರದ ಬುಡವಂತೂ ಇನ್ನೂ ಕೆಟ್ಟದ್ದು. ಸಿಡಿಲು ಮರದಿಂದ ಪಕ್ಕಕ್ಕೆ ಹಾರುತ್ತದೆ, ನೆಲದಲ್ಲೂ ಹರಡುತ್ತದೆ. ಹೋಗಬೇಕಾದ್ದು ಗೋಡೆ, ಸೂರು ಇರುವ ಗಟ್ಟಿ ಕಟ್ಟಡಕ್ಕೆ, ಇಲ್ಲದಿದ್ದರೆ ನಿಮ್ಮದೇ ಕಾರಿಗೆ. ಕಾರು ಕಾಪಾಡುವುದು ರಬ್ಬರ್ ಟೈರಿನಿಂದ ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ಅಲ್ಲ, ಅದರ ಲೋಹದ ಮೈಯಿಂದ. ವಿದ್ಯುತ್ ಆ ಲೋಹದ ಹೊರಮೈಯಲ್ಲೇ ಹರಿದು ನೆಲ ಸೇರುತ್ತದೆ. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಒಳಗೇ ಇರಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಸಮೀಪದ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಫೋನ್ ಆಫ್ ಮಾಡಿದರೆ ಅದೂ ಸಿಗುವುದಿಲ್ಲ!

ಹೀಗಾಗಿ ಕ್ಯಾಂಪ್ ಆರಿಸುವಾಗ ಕೇಳಬೇಕಾದ ಪ್ರಶ್ನೆ ಒಂದು: ಮಳೆ ಬಂದರೆ ಎಲ್ಲರೂ ನಿಲ್ಲಲು ಪಕ್ಕಾ ಕಟ್ಟಡ ಇದೆಯೇ? ಬೋಳುಗುಡ್ಡದ ನೆತ್ತಿಯ ‘ಸನ್‌ರೈಸ್ ವ್ಯೂ’ ಟೆಂಟ್‌ಗಳಿಗೆ ಇದಕ್ಕೆ ಉತ್ತರ ಸಾಮಾನ್ಯವಾಗಿ ಇರುವುದಿಲ್ಲ. ಮರಗಳ ನೆರಳಿನಲ್ಲಿ ಹಾಕಿದ್ದರೆ ತಲೆ ಎತ್ತಿ ನೋಡಿ. ಒಣಗಿದ ಕೊಂಬೆ, ತೆಂಗಿನ ಗೊನೆ, ಹಣ್ಣಾದ ಹಲಸು ಯಾವುದರ ಕೆಳಗೂ ಟೆಂಟ್ ಬೇಡ. ಮುಂಗಾರು ಪೂರ್ವದ ಗಾಳಿಗೆ ಇವೆಲ್ಲ ಬೀಳುತ್ತವೆ.

ಹಲಸಿನ ಮಾತು ಬಂದದ್ದರಿಂದ

ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಾಫಿ ತೋಟಗಳಲ್ಲಿ ಈಗ ಟೆಂಟ್ ಸ್ಟೇಗಳು ಬಹಳ. ಏಪ್ರಿಲ್–ಮೇನಲ್ಲಿ ಅಲ್ಲಿ ಹಲಸು ಹಣ್ಣಾಗುತ್ತದೆ. ಆ ವಾಸನೆ ನಮಗಿಂತ ಮೊದಲು ಆನೆಗೆ ತಲುಪುತ್ತದೆ. ಹಲಸು ಹುಡುಕಿಕೊಂಡು ಆನೆ ತೋಟಕ್ಕೆ ಬರುವುದು ಆ ಕಡೆಯವರಿಗೆ ವರ್ಷವೂ ಕಾಣುವ ಸಂಗತಿ. ಹಾಗಾಗಿಯೇ ಹಲವರು ಕಾಯಿ ಇರುವಾಗಲೇ ಇಳಿಸಿಬಿಡುತ್ತಾರೆ. ಪಕ್ಕದ ವಯನಾಡಿನ ಮೇಪ್ಪಾಡಿ ಬಳಿ 2021ರ ಜನವರಿಯಲ್ಲಿ ರೆಸಾರ್ಟ್ ಒಂದರ ಟೆಂಟ್‌ನಲ್ಲಿ ತಂಗಿದ್ದ ಪ್ರವಾಸಿ ಮಹಿಳೆಯೊಬ್ಬರು ಕಾಡಾನೆ ದಾಳಿಗೆ ಬಲಿಯಾದರು. ಬಳಿಕ ಆ ರೆಸಾರ್ಟ್ ಮುಚ್ಚಲು ಜಿಲ್ಲಾಡಳಿತ ಆದೇಶಿಸಿತು.

ಮಾಲೀಕರು ‘ಆನೆ ನೋಡಬಹುದು ಸಾರ್, ರಾತ್ರಿ ಇಲ್ಲೇ ಬರುತ್ತೆ’ ಎಂದು ಆಕರ್ಷಣೆಯಾಗಿ ಹೇಳಿದರೆ ಅದನ್ನು ಎಚ್ಚರಿಕೆಯಾಗಿ ಕೇಳಿಸಿಕೊಳ್ಳಿ. ಕಾಡು ನೋಡಲೇಬೇಕು ಅನ್ನುವವರಿಗೆ ಸರ್ಕಾರದ ಜಂಗಲ್ ಲಾಡ್ಜಸ್‌ನ ಕ್ಯಾಂಪ್‌ಗಳಿವೆ. ಭೀಮೇಶ್ವರಿ, ಗಾಳಿಬೋರೆ, ಕೆ. ಗುಡಿ, ಸೀತಾನದಿ ಹೀಗೆ. ದರ ಹೆಚ್ಚು ಅನ್ನಿಸಬಹುದು, ನಮಗೂ ಅನ್ನಿಸಿದೆ. ಆದರೆ ಕಾಡುಪ್ರಾಣಿ ಬಂದರೆ ಏನು ಮಾಡಬೇಕು ಎಂದು ಗೊತ್ತಿರುವ ಸಿಬ್ಬಂದಿ ಅಲ್ಲಿರುತ್ತಾರೆ.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಹೋಗುವವರಿಗೆ ಇನ್ನೊಂದು ವಿಷಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹೆಚ್ಚು ಕಾಣಿಸಿಕೊಳ್ಳುವುದೇ ಡಿಸೆಂಬರ್‌ನಿಂದ ಮೇವರೆಗೆ. ಅಂದರೆ ಸರಿಯಾಗಿ ನಮ್ಮ ಪ್ರವಾಸದ ಕಾಲ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಕಾಡಿನ ಉಣ್ಣೆ ಕಚ್ಚುವುದರಿಂದ ಬರುತ್ತದೆ. ಉಣ್ಣೆಗೆ ಕರ್ಪೂರ ಲೆಕ್ಕಕ್ಕಿಲ್ಲ. ಮಂಗ ಸತ್ತ ಸುದ್ದಿ ಇರುವ ಊರಿನ ಕಾಡಿಗೆ ಆ ವರ್ಷ ಹೋಗಬೇಡಿ. ಹೋಗುವ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದರೆ ಹೇಳುತ್ತಾರೆ. ಉಳಿದಂತೆ ಉದ್ದ ತೋಳು, ಉದ್ದ ಪ್ಯಾಂಟು, ಒಣ ಎಲೆಯ ಮೇಲೆ ಕೂರದಿರುವುದು, ಸಂಜೆ ಮಕ್ಕಳ ಕಂಕುಳು, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ ಹುಡುಕಿ ನೋಡುವುದು. ಹಿಂತಿರುಗಿದ ಮೇಲೆ ಒಂದೆರಡು ವಾರದೊಳಗೆ ಜೋರು ಜ್ವರ ಬಂದರೆ ಡಾಕ್ಟರಿಗೆ ಎಲ್ಲಿಗೆ ಹೋಗಿದ್ದೆವು ಎಂಬುದನ್ನು ತಪ್ಪದೆ ಹೇಳಿ. ಬೆಂಗಳೂರಿನ ಡಾಕ್ಟರಿಗೆ ನೀವು ಸಾಗರದ ಕಾಡಿನಲ್ಲಿ ಮಲಗಿದ್ದು ಗೊತ್ತಾಗುವುದು ಹೇಗೆ?

ಬೆಂಕಿ ಆರಿತು ಅಂದುಕೊಂಡ ಮೇಲೆ

ಕ್ಯಾಂಪ್‌ಫೈರ್ ಇಲ್ಲದೆ ಕ್ಯಾಂಪಿಂಗ್ ಏನು ಚೆಂದ ಎಂದು ಮಕ್ಕಳು ಕೇಳುತ್ತಾರೆ, ಸರಿ. ಸುತ್ತ ಒಣಹುಲ್ಲಿದ್ದರೆ ಬೇಡವೇ ಬೇಡ. ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಬೇಸಿಗೆಯಲ್ಲಿ ಹಲವು ಚಾರಣ ದಾರಿಗಳನ್ನೇ ಮುಚ್ಚುತ್ತದೆ. ಹಾಕಿದರೂ ಆರಿಸುವುದು ಹೇಗೆ ಎಂಬಲ್ಲಿ ಒಂದು ತಪ್ಪು ಕಲ್ಪನೆ ಇದೆ. ಮಣ್ಣು ಮುಚ್ಚಿದರೆ ಆರಿತು ಎಂದುಕೊಳ್ಳುತ್ತೇವೆ. ಮಣ್ಣು, ಮರಳು ಕೆಂಡದ ಬಿಸಿಯನ್ನು ಹೊರಹೋಗಲು ಬಿಡದೆ ಗಂಟೆಗಟ್ಟಲೆ ಒಳಗೇ ಹಿಡಿದಿಡುತ್ತವೆ. ನಮ್ಮ ಅಜ್ಜಿಯರು ಮರುದಿನದ ಒಲೆಗೆಂದು ಕೆಂಡವನ್ನು ಬೂದಿ ಮುಚ್ಚಿ ಉಳಿಸಿಕೊಳ್ಳುತ್ತಿದ್ದುದು ಇದೇ ಉಪಾಯದಿಂದ. ಬೆಳಿಗ್ಗೆ ಎದ್ದ ಮಗು ಆ ಮಣ್ಣಿನ ಮೇಲೆ ಬರಿಗಾಲಿಡುತ್ತದೆ. ಆದ್ದರಿಂದ ನೀರು ಹುಯ್ದು, ಕೋಲಿನಿಂದ ಕೆದಕಿ, ಮತ್ತೆ ನೀರು ಹುಯ್ಯಬೇಕು.

ಚಿಕ್ಕಮಗಳೂರು, ಊಟಿ ಕಡೆ ರಾತ್ರಿ ಚಳಿ ಎಂದು ಕೆಂಡದ ಅಗ್ಗಿಷ್ಟಿಕೆಯನ್ನು ಟೆಂಟ್ ಒಳಗೆ ಇಡುವವರಿದ್ದಾರೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಕೂತುಬಿಡುತ್ತದೆ. ಹೊಗೆ ಇಲ್ಲ ಅಂದ ಮಾತ್ರಕ್ಕೆ ಸುರಕ್ಷಿತವಲ್ಲ. ಇನ್ನೊಂದು ಕಂಬಳಿ ಕೇಳಿ ಪಡೆಯಿರಿ.

ಬುಕ್ ಮಾಡುವ ಮುನ್ನ ಒಂದು ಫೋನ್

ಆನ್‌ಲೈನ್‌ನಲ್ಲಿ ಸ್ಟಾರ್ ನೋಡಿ ದುಡ್ಡು ಹಾಕುವ ಬದಲು ಐದು ನಿಮಿಷ ಮಾತಾಡಿ. ನಾವಾದರೆ ಹೀಗೆ ಶುರು ಮಾಡುತ್ತೇವೆ. ಟೆಂಟ್‌ನಿಂದ ಶೌಚಾಲಯಕ್ಕೆ ಎಷ್ಟು ಹೆಜ್ಜೆ, ದಾರಿಯಲ್ಲಿ ರಾತ್ರಿಯಿಡೀ ದೀಪ ಇರುತ್ತದೆಯೇ? ಇದು ಸೌಕರ್ಯದ ಪ್ರಶ್ನೆಯಂತೆ ಕಂಡರೂ ಅಲ್ಲ. ಮಕ್ಕಳು ರಾತ್ರಿ ಎದ್ದೇ ಏಳುತ್ತಾರೆ, ಕತ್ತಲಲ್ಲಿ ಹಾವನ್ನು ತುಳಿಯುವುದು ಆ ಐವತ್ತು ಹೆಜ್ಜೆಯಲ್ಲೇ. ಟಾರ್ಚ್, ಮುಚ್ಚಿದ ಶೂ ನಿಮ್ಮ ಬಳಿ ಇರಲಿ. ಶೂ ಹಾಕುವ ಮುನ್ನ ಕೊಡವಿ.

ಆಮೇಲೆ, ಹೊಳೆ ಎಷ್ಟು ದೂರ, ಮೇಲೆ ಅಣೆಕಟ್ಟು ಇದೆಯೇ, ನೀರು ಬಿಡುವುದು ನಿಮಗೆ ಮೊದಲೇ ತಿಳಿಯುವುದು ಹೇಗೆ? ಕಯಾಕಿಂಗ್ ಇದ್ದರೆ ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ? ದೊಡ್ಡವರದ್ದನ್ನು ಮಗುವಿಗೆ ತೊಡಿಸಿದರೆ ನೀರಲ್ಲಿ ಜಾಕೆಟ್ ತೇಲುತ್ತದೆ, ಮಗು ಜಾರುತ್ತದೆ. ರಾತ್ರಿ ಜಾಗದಲ್ಲಿ ಯಾರು ಇರುತ್ತಾರೆ, ಅವರ ಬಳಿ ವಾಹನ ಇದೆಯೇ? ಹಲವು ಕಡೆ ಊಟ ಬಡಿಸಿ ಎಲ್ಲರೂ ಊರಿಗೆ ಹೋಗಿಬಿಡುತ್ತಾರೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ ಎಂದೂ ಕೇಳಿ. ಉತ್ತರಕ್ಕಿಂತ ಉತ್ತರ ಕೊಡುವ ರೀತಿ ಹೆಚ್ಚು ಹೇಳುತ್ತದೆ. ‘ಏನೂ ಆಗಲ್ಲ ಬನ್ನಿ ಸಾರ್’ ಅನ್ನುವವರಿಗಿಂತ ‘ಹೊಳೆಗೆ ನಾಲ್ಕು ಗಂಟೆ ಮೇಲೆ ಬಿಡಲ್ಲ’ ಎಂದು ಖಡಕ್ಕಾಗಿ ಹೇಳುವವರು ಮೇಲು. ಅಂಥವರ ಮೇಲೆ ರಿವ್ಯೂಗಳಲ್ಲಿ ದೂರು ಇರುತ್ತದೆ ನೋಡಿ: ಮಾಲೀಕರು ತುಂಬಾ ಸ್ಟ್ರಿಕ್ಟ್ ಎಂದು. ಆ ದೂರನ್ನು ನಾವು ಪ್ರಮಾಣಪತ್ರ ಎಂದು ಓದುತ್ತೇವೆ.

ಎರಡನೆಯ ಫೋನ್ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ. ಹಾವಿನ ಪ್ರತಿವಿಷ ದಾಸ್ತಾನು ಇದೆಯೇ, ರಾತ್ರಿ ಡಾಕ್ಟರ್ ಇರುತ್ತಾರೆಯೇ ಎಂದು ಕೇಳಿ. ಕ್ಯಾಂಪಿನಿಂದ ಅಲ್ಲಿಗೆ ಎಷ್ಟು ಕಿಲೋಮೀಟರ್ ಎಂಬುದಕ್ಕಿಂತ ಎಷ್ಟು ಹೊತ್ತು ಎಂಬುದು ಮುಖ್ಯ. ಘಟ್ಟದ ಮಣ್ಣು ರಸ್ತೆಯಲ್ಲಿ ಹದಿನೈದು ಕಿಲೋಮೀಟರ್‌ಗೆ ಒಂದು ಗಂಟೆ ಹಿಡಿಯುತ್ತದೆ. ಜೀಪಿನಲ್ಲಷ್ಟೇ ಹೋಗಬಹುದಾದ ಜಾಗವಾದರೆ ಆ ಜೀಪ್ ರಾತ್ರಿಯೂ ಅಲ್ಲೇ ಇರಬೇಕು. ಸಿಗ್ನಲ್ ಇಲ್ಲದ ಕಡೆ 108ಕ್ಕೆ ಕರೆ ಹೋಗುವುದಿಲ್ಲ, ಹಾಗಾಗಿ ಸಿಗ್ನಲ್ ಸಿಗುವ ಜಾಗ ಎಲ್ಲಿ ಎಂದು ಹೋದ ತಕ್ಷಣ ನೋಡಿಟ್ಟುಕೊಳ್ಳಿ.

ಕುಡಿಯುವ ನೀರಿನ ಬಗ್ಗೆ ಒಂದೇ ಮಾತು. ಹರಿಯುವ ಝರಿಯ ನೀರು ಶುದ್ಧ ಎಂಬುದು ಸುಳ್ಳು, ಮೇಲೆ ದನ ಮೇಯುತ್ತಿರಬಹುದು, ಇನ್ನೊಂದು ಕ್ಯಾಂಪೇ ಇರಬಹುದು. ಕುದಿಸಿದ್ದು ಕುಡಿಯಿರಿ, ಇಲ್ಲವೇ ಮನೆಯಿಂದ ಒಯ್ಯಿರಿ.

ಮೊದಲ ಸಲ ಹೋಗುವವರು ಮನೆಯಿಂದ ಎರಡು ಮೂರು ಗಂಟೆ ದೂರದ, ಪಕ್ಕದಲ್ಲೇ ರೂಮುಗಳೂ ಇರುವ ಜಾಗವನ್ನು ಒಂದೇ ರಾತ್ರಿಗೆ ಆರಿಸಿ. ಮಳೆಯೋ ಭಯವೋ ಬಂದರೆ ರೂಮಿಗೆ ಹೋಗಿ ಮಲಗಬಹುದು. ಅದಕ್ಕೂ ಮುನ್ನ, ಟೆಂಟ್ ಸಿಕ್ಕರೆ ಟೆಂಟ್, ಇಲ್ಲದಿದ್ದರೆ ಸೊಳ್ಳೆಪರದೆ ಕಟ್ಟಿಕೊಂಡು ಮನೆಯ ತಾರಸಿಯ ಮೇಲೆ ಒಂದು ರಾತ್ರಿ ಮಲಗಿ ನೋಡಿ. ಚಿಕ್ಕವನು ಹನ್ನೊಂದು ಗಂಟೆಗೆ ಕೆಳಗೆ ಹೋಗೋಣ ಎಂದು ಅಳುತ್ತಾನೋ, ಅಜ್ಜಿಗೆ ನೆಲದಿಂದ ಏಳಲು ಆಗುತ್ತದೋ ಇಲ್ಲವೋ, ಟಾರ್ಚ್‌ನ ಸೆಲ್ ಮುಗಿದಿದೆಯೋ, ಎಲ್ಲ ಅಲ್ಲೇ ಗೊತ್ತಾಗುತ್ತದೆ.